ಸಾಲದ ಹೊರೆಯೂ ಗುಟ್ಟಿನ ಹೊರೆಯೂ

ಸಂಘ-ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ರಕ್ತದೊತ್ತಡ, ಮಧುಮೇಹ, ಹೃದಯಬೇನೆಗಳನ್ನು ಕುರಿತ ಲೇಖನಗಳು ವರ್ಷವರ್ಷವೂ ಪ್ರಕಟವಾಗುತ್ತವೆ. ಅದು ಉಚಿತವೇ ಆಗಿದೆ. ಒಂದು ಕಾಲದಲ್ಲಿ ಮಧುಮೇಹವಿದೆಯೆಂದು ಹೇಳಿಕೊಳ್ಳಲು ನಾಚುತ್ತಿದ್ದ ಗೃಹಸ್ಥರು ಇಂದು ಮದುವೆಯ ಪಂಕ್ತಿಯಲ್ಲಿ ಕುಳಿತು, “ನನಗೆ ಪಾಯಸ ಬೇಡ, ಸಕ್ಕರೆ ಕಾಯಿಲೆ ಇದೆ” ಎಂದು ನಿಸ್ಸಂಕೋಚವಾಗಿ ಹೇಳುತ್ತಾರೆ. ಆದರೆ ಅದೇ ಪಂಕ್ತಿಯಲ್ಲಿ ಇನ್ನೊಂದು ವ್ಯಾಧಿಯಿಂದ ನಿದ್ದೆಗೆಟ್ಟವರೂ ಇರುತ್ತಾರೆ. ಅದರ ಹೆಸರನ್ನು ಅವರು ಕಟ್ಟಿಕೊಂಡ ಹೆಂಡತಿಯ ಮುಂದೆಯೂ ಎತ್ತುವುದಿಲ್ಲ. ಆ ವ್ಯಾಧಿಯೇ ಸಾಲ.

ಸಾಲವೆಲ್ಲವೂ ಕೆಟ್ಟದ್ದಲ್ಲ. ಮುಂಬಯಿಯ ಚಾಳಗಳಲ್ಲಿ, ಹೋಟೆಲುಗಳ ಅಟ್ಟಗಳಲ್ಲಿ ಬಾಳನ್ನು ಆರಂಭಿಸಿದ ಕನ್ನಡಿಗರು ಸ್ವಂತ ಸೂರನ್ನು ಅರಸಿ ಥಾಣೆ, ಡೊಂಬಿವಲಿ, ಕಲ್ಯಾಣಗಳಿಗೂ, 1970ರಲ್ಲಿ ಸಿಡ್ಕೋ ಸ್ಥಾಪನೆಯಾದ ತರುವಾಯ ಬೆಳೆದ ನವಿಮುಂಬಯಿಗೂ ಬಂದು ನೆಲೆಸಿದ್ದು ಬಹುಮಟ್ಟಿಗೆ ಸಾಲದ ಬಲದಿಂದಲೇ. ಆದಾಯಕ್ಕೆ ತಕ್ಕ ಕಂತು, ತಲೆಯ ಮೇಲೊಂದು ಸೂರು, ಮಕ್ಕಳಿಗೆ ವಿದ್ಯೆ – ಇಂಥ ಸಾಲ ಸಂಸಾರವನ್ನು ಎತ್ತಿ ನಿಲ್ಲಿಸುತ್ತದೆ. ಆತಂಕ ಹುಟ್ಟಿಸುವುದು ಬೇರೆ ಬಗೆಯ ಸಾಲ. ಹಳೆಯ ಸಾಲದ ಬಡ್ಡಿ ಕಟ್ಟಲು ಮಾಡಿದ ಹೊಸ ಸಾಲ, ಊರವರ ಕಣ್ಣಿಗೆ ಕುಂದು ಕಾಣದಿರಲೆಂದು ಮಾಡಿದ ಸಾಲ, ಮನೆಯವರಿಗೆ ತಿಳಿಯದಂತೆ ಮಾಡಿದ ಸಾಲ.

ಹೊರನಾಡ ಕನ್ನಡಿಗನ ಬದುಕಿಗೆ ಎರಡು ಮನೆಗಳು. ಒಂದು ಇಲ್ಲಿ, ಇನ್ನೊಂದು ಊರಿನಲ್ಲಿ. ಊರಿನ ಮನೆಯ ಮಾಡು ಸೋರಿದರೂ, ದೇವಸ್ಥಾನದ ಜೀರ್ಣೋದ್ಧಾರವಾದರೂ, ತಂಗಿಯ ಮಗಳ ಮದುವೆ ನಿಶ್ಚಯವಾದರೂ ಮೊದಲ ದೃಷ್ಟಿ ಬೀಳುವುದು ‘ಮುಂಬಯಿಯವರ’ ಮೇಲೆ. ಡೊಂಬಿವಲಿಯ ಒಂದು ಕೋಣೆಯ ಬ್ಲಾಕಿನಲ್ಲಿ ಐದು ಜನ ಮಲಗುತ್ತಾರೆಂಬುದು ಊರಿಗೆ ತಿಳಿಯದು. ತಿಳಿಸುವ ಮನಸ್ಸೂ ಇವನಿಗಿಲ್ಲ. ಹೀಗೆ ಕೊಡುಗೈ ದೊರೆಯ ವೇಷ ಕಳಚಲಾರದೆ ಕೈಗಡ, ಭಿಶಿ, ಪತ್‌ಪೇಢಿಯ ಸಾಲ, ಕ್ರೆಡಿಟ್ ಕಾರ್ಡ್, ಮೊಬೈಲಿನಲ್ಲಿ ಐದು ನಿಮಿಷಕ್ಕೆ ದೊರೆಯುವ ಸಾಲ – ಒಂದರ ಮೇಲೊಂದು ಏರುತ್ತ ಹೋಗುತ್ತವೆ. ಇದರ ನಡುವೆ ಗಳಿಕೆಯೇ ನಿಂತುಹೋದರೆ ಗತಿಯೇನು? 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಹೋಟೆಲು, ಕ್ಯಾಂಟೀನು, ಕೇಟರಿಂಗ್ ನಂಬಿದ ಕುಟುಂಬಗಳು ಅನುಭವಿಸಿದ್ದು ಇದನ್ನೇ. ಆ ವರ್ಷದ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶವಿತ್ತಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲವೆಂಬುದು ಅನೇಕರಿಗೆ ತಿಳಿದದ್ದು ಆಮೇಲೆ.

ಲೆಕ್ಕದ ಮಾತು

ಗುಟ್ಟಾಗಿ ಉಳಿದ ಸಾಲ ಹೇಗೆ ಬೆಳೆಯುತ್ತದೆಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಬ್ಬ ಗೃಹಸ್ಥನ ಕ್ರೆಡಿಟ್ ಕಾರ್ಡಿನಲ್ಲಿ 50,000 ರೂಪಾಯಿ ಬಾಕಿ ಇದೆಯೆನ್ನಿ. ಬಡ್ಡಿ ತಿಂಗಳಿಗೆ ನೂರಕ್ಕೆ 3.5, ಕೇಳಲು ಅಲ್ಪವೆನಿಸುತ್ತದೆ, ವರ್ಷಕ್ಕೆ ಅದು ನೂರಕ್ಕೆ 42. ತಿಂಗಳ ಬಡ್ಡಿ 1,750 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 315 ರೂಪಾಯಿ. ‘ಕನಿಷ್ಠ ಪಾವತಿ’ಯೆಂದು ಅವನು 2,500 ರೂಪಾಯಿ ಕಟ್ಟಿದರೆ ಅಸಲಿಗೆ ಸಲ್ಲುವುದು ಕೇವಲ 435 ರೂಪಾಯಿ. ತಿಂಗಳು ತಪ್ಪದೆ ಕಟ್ಟುತ್ತಿದ್ದೇನೆಂಬ ಸಮಾಧಾನ ಅವನಿಗೆ. ಸಾಲವೋ ಇದ್ದಲ್ಲಿಯೇ ಇದೆ. ಅದೇ ಮನೆಯ ಬ್ಯಾಂಕ್ ಲಾಕರಿನಲ್ಲಿ ವರ್ಷಕ್ಕೊಮ್ಮೆಯೂ ಧರಿಸದ ಬಳೆಗಳು ತಣ್ಣಗೆ ಮಲಗಿರುತ್ತವೆ! ಹೆಂಡತಿಗೆ ವಿಷಯ ತಿಳಿದಿದ್ದರೆ ಒಂದು ಬಳೆಯನ್ನು ಮಾರಿಯೋ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಅಡವಿಟ್ಟೋ ಈ ನೂರಕ್ಕೆ 42ರ ಬೆಂಕಿಯನ್ನು ಒಂದೇ ದಿನದಲ್ಲಿ ಆರಿಸಬಹುದಿತ್ತು. ತಿಳಿಸದ ಕಾರಣ ಬೆಂಕಿ ಉರಿಯುತ್ತಲೇ ಇದೆ.

ಆದ್ದರಿಂದ ಋಣಮುಕ್ತಿಯ ಮೊದಲ ಹೆಜ್ಜೆ ಹಣವಲ್ಲ, ಮಾತು. ಒಂದು ಭಾನುವಾರ ಸಂಜೆ ಮನೆಯವರೆಲ್ಲ ಕುಳಿತು ಒಂದು ನೋಟುಪುಸ್ತಕದಲ್ಲಿ ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಕಂತು ಎಂದು ಎಂಬುದನ್ನು ಬರೆಯಬೇಕು. ಭಾವನಿಂದ ಪಡೆದ ಕೈಗಡವನ್ನೂ ಬಿಡಬಾರದು. ಮನೆಸಾಲದ ಕಂತು ತಪ್ಪದಂತೆ ನೋಡಿಕೊಂಡು, ಮಿಕ್ಕವುಗಳಲ್ಲಿ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಕೈಲಾದಷ್ಟು ಹೆಚ್ಚು ಹಣ ಸಲ್ಲಿಸುತ್ತ ಹೋಗಬೇಕು. ಅದು ಮುಗಿದಾಗ ಉಳಿದ ಹಣ ಮುಂದಿನದಕ್ಕೆ. ಕಂತು ಕಟ್ಟಲಾಗದ ತಿಂಗಳು ಎದುರಾಗುವಂತಿದ್ದರೆ, ತಪ್ಪುವ ಮುನ್ನವೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸುವಂತೆ ಲಿಖಿತವಾಗಿ ಕೇಳಬೇಕು. ದೂರವಾಣಿಯ ಕರೆಗೆ ಓಗೊಡದೆ ಅವಿತುಕೊಳ್ಳುವವನಿಗಿಂತ ಎದುರು ಬಂದು ಕುಳಿತವನ ಮಾತಿಗೆ ಎಲ್ಲಿಯೂ ತೂಕ ಹೆಚ್ಚು.

ಪತ್ತು ಎಂಬುದರ ಅರ್ಥ

ಡೊಂಬಿವಲಿ, ಕಲ್ಯಾಣಗಳ ಬೀದಿಗಳಲ್ಲಿ ಕಾಣುವ ‘ಪತ್‌ಪೇಢಿ’ಯ ‘ಪತ್’ ಕನ್ನಡಿಗರಿಗೆ ಪರಕೀಯವಲ್ಲ. ಕನ್ನಡ ನಾಡಿನ ಊರೂರಿನ ‘ಪತ್ತಿನ ಸಹಕಾರಿ ಸಂಘ’ಗಳ ‘ಪತ್ತು’ ಅದೇ. ಪತ್ತು ಎಂದರೆ ಬರಿಯ ಸಾಲವಲ್ಲ. ಇವನು ಕೊಟ್ಟ ಮಾತಿಗೆ ತಪ್ಪಲಾರನೆಂಬ ಜನರ ನಂಬಿಕೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮರುವರ್ಷವೇ, 1905ರಲ್ಲಿ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಸಂಘವನ್ನು ಕಟ್ಟಿದರು. ಆಗ ಗದಗು ಮತ್ತು ಥಾಣೆ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆ ಕಾಯಿದೆಯಂತೆ ಹಳ್ಳಿಯ ಸಂಘಗಳ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಾಲ ಮುಳುಗಿದರೆ ಭಾರ ಎಲ್ಲರ ಮೇಲೆ. ಆದ ಕಾರಣ ಯಾರಿಗೆ ಎಷ್ಟು ಸಾಲ, ಏತಕ್ಕಾಗಿ ಎಂಬುದು ಸದಸ್ಯರೆಲ್ಲರಿಗೆ ಸಂಬಂಧಿಸಿದ ಮಾತಾಗಿತ್ತು. ಬಡವನ ಪತ್ತು ಹುಟ್ಟಿದ್ದು ಗುಟ್ಟಿನಿಂದಲ್ಲ, ಪರಸ್ಪರ ಅರಿವಿನಿಂದ.

1906ರಲ್ಲಿ ಮುಂಬಯಿಯಲ್ಲಿ ತಲಮಕಿಯವರ ಮುಂದಾಳುತನದಲ್ಲಿ ಕೆನರಾ ಮೂಲದ ಸಾರಸ್ವತರು ಶಾಮರಾವ್ ವಿಠ್ಠಲ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದ್ದೂ ಇದೇ ತತ್ತ್ವದ ಮೇಲೆ. 1928ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈಯವರ ಬ್ಯಾಂಕು ಪಿಗ್ಮಿ ಯೋಜನೆಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲಿ ಸಂಗ್ರಹಿಸಿತು. ಎರಡಾಣೆ ದೊಡ್ಡದಲ್ಲ, ದಿನ ತಪ್ಪದಿರುವುದು ದೊಡ್ಡದು. ಕೆಟ್ಟ ಪತ್ತನ್ನು ಮರಳಿ ಕಟ್ಟಲು ಇಂದಿಗೂ ಬೇರೆ ಮಾರ್ಗವಿಲ್ಲ.

ಬದಲಾದದ್ದು ನೆರೆಯವರ ನೆನಪಿನ ಜಾಗಕ್ಕೆ ಬಂದ ಕಡತ. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಸಂಸ್ಥೆ, 2005ರ ಪತ್ತಿನ ಮಾಹಿತಿ ಸಂಸ್ಥೆಗಳ ಕಾಯಿದೆ, ಆ ಬಳಿಕ ಬಂದ ಇನ್ನೂ ಮೂರು ಸಂಸ್ಥೆಗಳು – ಇವುಗಳಿಂದಾಗಿ ಪ್ರತಿ ಸಾಲಗಾರನ ನಡತೆ 300ರಿಂದ 900ರವರೆಗಿನ ಒಂದು ಅಂಕವಾಗಿ ಬ್ಯಾಂಕಿನ ಮೇಜಿನ ಮೇಲೆ ಬರುತ್ತದೆ. ಕಂತು ಹೊತ್ತಿಗೆ ಸರಿಯಾಗಿ ಸಂದಿತೇ, ಕಾರ್ಡಿನ ಮಿತಿಯಲ್ಲಿ ಎಷ್ಟು ಭಾಗ ಬಳಕೆಯಾಗಿದೆ, ಸಾಲಕ್ಕಾಗಿ ಎಷ್ಟು ಬಾಗಿಲು ತಟ್ಟಿದ್ದಾಯಿತು – ಇವೆಲ್ಲ ಅದರಲ್ಲಿ ಲೆಕ್ಕಕ್ಕೆ ಬರುತ್ತವೆ. ಮಗನ ವಿದ್ಯಾಸಾಲಕ್ಕೆ ತಂದೆ ಸಹಿ ಹಾಕಲು ಹೋದಾಗ ಹಳೆಯ ಗುಟ್ಟು ಅಲ್ಲಿ ಬಯಲಾಗುತ್ತದೆ. ಮನೆಯವರಿಗೆ ಮುಚ್ಚಿಟ್ಟದ್ದನ್ನು ಬ್ಯಾಂಕಿನ ಗುಮಾಸ್ತ ಓದಿ ಹೇಳುವ ಆ ಗಳಿಗೆಗಿಂತ ದೊಡ್ಡ ಅವಮಾನ ಯಾವುದಿದೆ?

ದುರಸ್ತಿಯ ದಾರಿ

‘ಸಿಬಿಲ್ ಸರಿಪಡಿಸಿ ಕೊಡಲಾಗುವುದು’ ಎಂಬ ಭಿತ್ತಿಪತ್ರಗಳನ್ನು ನಂಬಿ ಹಣ ತೆರುವುದು ಗಾಯದ ಮೇಲೆ ಬರೆ. ದಾಖಲೆ ಸತ್ಯವಾಗಿದ್ದರೆ ಅದನ್ನು ಯಾವ ದಲ್ಲಾಳಿಯೂ ಅಳಿಸಲಾರ. ತಪ್ಪಾಗಿದ್ದರೆ ದಲ್ಲಾಳಿಯ ಅಗತ್ಯವೇ ಇಲ್ಲ. ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಅದನ್ನು ತರಿಸಿ ಸಾಲುಸಾಲಾಗಿ ಓದಬೇಕು. ಊರಿನ ಹೆಸರು, ತಂದೆಯ ಹೆಸರು, ಕುಲನಾಮ ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿರುವ ಕನ್ನಡಿಗರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಮತ್ತೊಬ್ಬರ ಸಾಲ ತಮ್ಮ ಹೆಸರಿಗೆ ಅಂಟಿರಬಹುದು, ತೀರಿದ ಸಾಲ ತೀರದಂತೆ ತೋರಬಹುದು. ದೂರು ಕೊಟ್ಟ 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕೆಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ.

ಸಾಲ ‘ಮುಕ್ತಾಯ’ವಾಗುವುದಕ್ಕೂ ‘ರಾಜಿ’ಯಾಗುವುದಕ್ಕೂ ಅಂತರವಿದೆ. ಲಕ್ಷದ ಬಾಕಿಗೆ ಅರವತ್ತು ಸಾವಿರ ಪಡೆದು ಬ್ಯಾಂಕು ಕೈಬಿಟ್ಟರೆ ಆ ಕ್ಷಣಕ್ಕೆ ಲಾಭವೆನಿಸಬಹುದು. ವರದಿಯಲ್ಲಿ ಮಾತ್ರ ಪೂರ್ತಿ ತೀರಿಸದ ಗುರುತು ವರ್ಷಗಟ್ಟಲೆ ನಿಲ್ಲುತ್ತದೆ. ಬೇರೆ ದಾರಿಯೇ ಇಲ್ಲದಾಗ ರಾಜಿ ತಪ್ಪಲ್ಲ. ಅದರ ಬೆಲೆ ಅರಿತು ಮಾಡಬೇಕು, ಬಾಕಿಯಿಲ್ಲವೆಂಬ ಪತ್ರವನ್ನು ಕೇಳಿ ಪಡೆಯಬೇಕು. ಅನಂತರ ಸಣ್ಣದೊಂದು ಠೇವಣಿ ಇಟ್ಟು ಅದರ ಆಧಾರದ ಮೇಲೆ ಕಾರ್ಡ್ ಪಡೆದು, ಅಲ್ಪಸ್ವಲ್ಪ ಬಳಸಿ, ಪ್ರತಿ ತಿಂಗಳೂ ಪೂರ್ತಿ ಹಣ ಕಟ್ಟುತ್ತ ಬಂದರೆ ಕಾಲಕ್ರಮದಲ್ಲಿ ಅಂಕ ಏರುತ್ತದೆ. ಮುರಿದ ಎಲುಬು ಕೂಡುವಂತೆ ಇದಕ್ಕೂ ಕಾಲ ಬೇಕು, ಅವಸರದ ಮದ್ದಿಲ್ಲ.

ಜಾಮೀನಿನ ಬಗ್ಗೆಯೂ ಒಂದು ಮಾತು ಅವಶ್ಯ. ‘ನಮ್ಮ ಊರವನು’ ಎಂಬ ಒಂದೇ ಕಾರಣಕ್ಕೆ ಸಹಿ ಹಾಕುವ ಔದಾರ್ಯ ಕನ್ನಡಿಗರಲ್ಲಿ ಧಾರಾಳ. 1872ರ ಕರಾರು ಕಾಯಿದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ತಾನೇ ತೀರಿಸಲು ಸಿದ್ಧನಿಲ್ಲದ ಮೊತ್ತಕ್ಕೆ ಸಹಿ ಹಾಕುವುದು ಸ್ನೇಹವಲ್ಲ, ಅವಿವೇಕ.

ಭಯ ಬೇಡ

ಸಾಲಗಾರನ ಅತಿ ದೊಡ್ಡ ಶತ್ರು ಭಯ. ಪ್ರಾಮಾಣಿಕವಾಗಿ ಸಾಲ ತೀರಿಸಲಾಗದಿರುವುದು ತನ್ನಷ್ಟಕ್ಕೆ ಅಪರಾಧವಲ್ಲ. ಮೋಸ ಮತ್ತು ಚೆಕ್ಕು ತಿರಸ್ಕೃತವಾಗುವುದು ಬೇರೆ ಮಾತು. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಕೂಡದೆಂದೂ, ಬೆದರಿಸಕೂಡದೆಂದೂ, ಬಂಧುಮಿತ್ರರ ಮುಂದೆ ಮಾನ ಕಳೆಯಕೂಡದೆಂದೂ 2022ರಲ್ಲಿ ರಿಸರ್ವ್ ಬ್ಯಾಂಕು ಸ್ಪಷ್ಟಪಡಿಸಿದೆ. ಮೀರಿದರೆ ಮೊದಲು ಬ್ಯಾಂಕಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ವೆಚ್ಚವಿಲ್ಲದೆ ದೂರು ಕೊಡಬಹುದು. ಮಹಾರಾಷ್ಟ್ರದಲ್ಲಿ ಪರವಾನಗಿಯಿಲ್ಲದೆ ಲೇವಾದೇವಿ ನಡೆಸುವುದು 2014ರ ಕಾಯಿದೆಯಂತೆ ಶಿಕ್ಷಾರ್ಹ. ಅಂಥವರ ವಿರುದ್ಧ ಸಹಕಾರ ಇಲಾಖೆಗೂ ಪೊಲೀಸರಿಗೂ ದೂರಬಹುದು. ಎದೆ ಕುಸಿದು ಬಾಳೇ ಬೇಡವೆನಿಸಿದಾಗ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ, ಮಾತನಾಡಬಹುದು. ತೀರಿಸಲಾಗದ ಸಾಲಕ್ಕೆ ಕಾನೂನಿನಲ್ಲಿ ದಾರಿಗಳಿವೆ. ಕಳೆದ ಜೀವಕ್ಕೆ ಯಾವ ದಾರಿಯೂ ಇಲ್ಲ.

ಸಂಘಗಳ ಹೊಣೆ

ಸಾಲದ ವಿಷಯ ಬಹಿರಂಗವಾದರೆ ಮರ್ಯಾದೆ ಹೋಗುವುದಿಲ್ಲವೆ, ಮಗಳ ಸಂಬಂಧ ತಪ್ಪಿಹೋಗುವುದಿಲ್ಲವೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ನಾಲ್ಕು ಜನರ ನಾಲಗೆ ಕೆಲವೊಮ್ಮೆ ಬಡ್ಡಿಗಿಂತ ಕ್ರೂರ. ಆದರೆ ಬಯಲಿಗಿಡುವುದೆಂದರೆ ಬೀದಿಯಲ್ಲಿ ಡಂಗುರ ಸಾರುವುದಲ್ಲ; ಮನೆಯವರಿಗೂ ನಂಬಿಕಸ್ಥನೊಬ್ಬ ಬಲ್ಲವನಿಗೂ ತಿಳಿಸುವುದು. ಅಂಥ ಬಲ್ಲವರು ಈ ಉಪನಗರಗಳಲ್ಲಿ ದುರ್ಲಭರಲ್ಲ. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್, ಕರ್ಣಾಟಕ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಇಲ್ಲಿ ನೆಲೆಸಿದ್ದಾರೆ. ಅವುಗಳಲ್ಲಿ ಕೆಲವು ಬ್ಯಾಂಕುಗಳು ವಿಲೀನಗೊಂಡು ಹೆಸರಳಿದರೂ ಅಲ್ಲಿ ದುಡಿದವರ ಅನುಭವ ಅಳಿದಿಲ್ಲ.

ಸಂಘಗಳು ವರ್ಷಕ್ಕೊಮ್ಮೆ ರಕ್ತದಾನ, ನೇತ್ರ ತಪಾಸಣೆಯ ಶಿಬಿರ ನಡೆಸುವಂತೆಯೇ, ತಿಂಗಳಿಗೊಂದು ಭಾನುವಾರ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿಗಳನ್ನೂ ಒಬ್ಬ ವಕೀಲರನ್ನೂ ಕೂರಿಸಬಾರದೇಕೆ? ಬಂದವರ ಹೆಸರು ಹೊರಗೆ ಬೀಳದು, ಹಣದ ವ್ಯವಹಾರ ಇಲ್ಲ, ವರದಿ ಓದಿ ದಾರಿ ತೋರಿಸುವುದಷ್ಟೇ ಕೆಲಸ. ಇದಕ್ಕೆ ಒಂದು ಮೇಜು, ನಾಲ್ಕು ಕುರ್ಚಿ ಸಾಕು. ಜೊತೆಗೆ ಸಂಘದ ವೇದಿಕೆಯಲ್ಲಿ ದೊಡ್ಡ ದೇಣಿಗೆಯವರಿಗೆ ಶಾಲು ಹೊದಿಸುವಷ್ಟೇ ಆದರದಿಂದ, ಸಾಲವಿಲ್ಲದೆ ಸರಳವಾಗಿ ಮದುವೆ ಮಾಡಿದ ಗೃಹಸ್ಥರನ್ನೂ ಕರೆದು ಕೂರಿಸಿದರೆ ಊರಿನ ಮುಂದೆ ವೇಷ ಕಟ್ಟುವ ಚಟ ತಾನಾಗಿ ಇಳಿದೀತು.

ಕಣಗಿನಹಾಳದ ಒಕ್ಕಲಿಗರಿಗೆ ಬ್ಯಾಂಕು ಇರಲಿಲ್ಲ, ಅಂಕವೂ ಇರಲಿಲ್ಲ. ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿತ್ತು. ಕಲ್ಯಾಣ ಲೋಕಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ವರ್ಷಗಟ್ಟಲೆ ಪಯಣಿಸುವ ಇಂದಿನ ಕನ್ನಡಿಗರು ಪರಸ್ಪರರ ಕಷ್ಟವನ್ನು ಅಷ್ಟಾದರೂ ಅರಿತರೆ ಅನೇಕ ಸಂಸಾರಗಳು ಉಳಿದಾವು. ಆ ಕೆಲಸ ಮುಂದಿನ ಭಾನುವಾರ ಸಂಜೆ, ಸ್ವಂತ ಮನೆಯಲ್ಲಿ, ಒಂದು ನೋಟುಪುಸ್ತಕದಿಂದ ಆರಂಭವಾಗಲಿ.