ಮನೆಯ ಬೆಲೆ ಇಳಿಯುವುದು ತಂಗಿಯ ಪಾಲಿಗೆ ಮಾತ್ರವೇ?

'ಮಾರ್ಕೆಟ್ ಬಿದ್ದಿದೆ' ಎಂಬ ಮಾತನ್ನು ನಾವು ಹಲವು ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ಜುಮಾ ನಮಾಝ್ ಮುಗಿದ ಬಳಿಕ ಮಸೀದಿಯ ಅಂಗಳದಲ್ಲಿ, ಮದುವೆ ಮನೆಯ ಊಟದ ಮೇಜಿನಲ್ಲಿ, ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಈ ಚರ್ಚೆ ನಡೆಯದ ದಿನವಿಲ್ಲ. ಮನೆ, ಸೈಟುಗಳ ಬೆಲೆ ಶೇಕಡಾ 20ರಷ್ಟು ಇಳಿದಿದೆ ಎಂದು ಒಬ್ಬರು ಹೇಳುತ್ತಾರೆ. 20 ಎಲ್ಲಿ ಬಂತು, 40 ಇಳಿದಿದೆ ಎಂದು ಇನ್ನೊಬ್ಬರು ಪಟ್ಟು ಹಿಡಿಯುತ್ತಾರೆ. ಇಳಿದದ್ದೇ ಸುಳ್ಳು, ಪಾರ್ಟಿ ಸಿಗುತ್ತಿಲ್ಲ ಅಷ್ಟೇ ಎಂದು ಮೂರನೆಯವರು ತೀರ್ಪು ಕೊಡುತ್ತಾರೆ. ಗಂಟೆಗಟ್ಟಲೆ ಮಾತಾಡಿ, ಯಾರೂ ಯಾರನ್ನೂ ಒಪ್ಪಿಸದೆ ಎಲ್ಲರೂ ಮನೆಗೆ ಹೋಗುತ್ತಾರೆ.

ಈ ವಾದದಲ್ಲಿ ನಾವು ಗಮನಿಸಿದ ಒಂದು ವಿಚಿತ್ರವಿದೆ. ತನ್ನ ಮನೆಯನ್ನು ಮಾರಲು ಹೊರಟಾಗ 'ಈ ಏರಿಯಾದಲ್ಲಿ ರೇಟು ಇಳಿಯುವುದೇ ಇಲ್ಲ' ಎನ್ನುವ ಅದೇ ವ್ಯಕ್ತಿ, ತಂದೆ ತೀರಿದ ಬಳಿಕ ತಂಗಿ ಬಂದು ಪಾಲು ಕೇಳಿದಾಗ 'ಈಗ ಯಾರಿಗೆ ಬೇಕು ಈ ಹಳೆ ಮನೆ, ಬೆಲೆಯೆಲ್ಲ ಬಿದ್ದು ಹೋಗಿದೆ' ಎಂದು ನಿಟ್ಟುಸಿರು ಬಿಡುತ್ತಾನೆ. ಮನೆ ಒಂದೇ, ಬಾಯಿಯೂ ಒಂದೇ, ಬೆಲೆ ಮಾತ್ರ ಎರಡು! ಹಾಗಾದರೆ ನಿಜವಾಗಿ ಇಳಿದಿರುವುದು ಬೆಲೆಯೋ, ನಮ್ಮ ಪ್ರಾಮಾಣಿಕತೆಯೋ?

ಬೆಲೆ ಕುಸಿತದ ಲೆಕ್ಕ ಸುಲಭವಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಇತ್ತೀಚಿನ ದಶಕಗಳಲ್ಲಿ ಜಗತ್ತು ಅತಿ ಹೆಚ್ಚು ಚರ್ಚಿಸಿದ್ದು ಅಮೆರಿಕದ ಕುಸಿತವನ್ನು. ಅಲ್ಲಿ 2006ರಿಂದ 2012ರವರೆಗೆ ಮನೆಗಳ ಬೆಲೆ ಇಳಿಯಿತು. ಒಂದೇ ಮನೆ ಎರಡು ಸಲ ಮಾರಾಟವಾದಾಗ ಸಿಕ್ಕ ಬೆಲೆಗಳನ್ನು ಹೋಲಿಸಿ ಲೆಕ್ಕ ಹಾಕುವ ಕೇಸ್-ಶಿಲ್ಲರ್ ಸೂಚ್ಯಂಕದ ಪ್ರಕಾರ ಇಡೀ ದೇಶದ ಇಳಿಕೆ ಶೇಕಡಾ 25ಕ್ಕಿಂತ ತುಸು ಹೆಚ್ಚು. 20 ದೊಡ್ಡ ನಗರಗಳನ್ನು ಮಾತ್ರ ತೆಗೆದುಕೊಂಡರೆ ಸುಮಾರು ಮೂರನೇ ಒಂದು ಭಾಗ. ಲಾಸ್ ವೇಗಾಸ್ ನಗರದಲ್ಲಿ ಶೇಕಡಾ 60ರಷ್ಟು. ಹಾಗಾದರೆ 'ಅಮೆರಿಕದಲ್ಲಿ ಬೆಲೆ ಎಷ್ಟು ಇಳಿಯಿತು' ಎಂಬ ಪ್ರಶ್ನೆಗೆ ಯಾವ ಉತ್ತರ ಸರಿ? ಮೂರೂ ಸರಿ. ನಮ್ಮ ಕರಾವಳಿಯ ಸಾವಿರಾರು ಮಂದಿ ದುಡಿಯುವ ದುಬೈಯಲ್ಲಿಯೂ 2008ರ ಕೊನೆಯಲ್ಲಿ ಬೆಲೆ ಕುಸಿಯಿತು. ಎಷ್ಟು ಎಂದು ಅಂದು ಅಲ್ಲಿದ್ದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಊರು, ಬಡಾವಣೆ, ಖರೀದಿಸಿದ ವರ್ಷ ಬೇರೆಯಾದರೆ ಲೆಕ್ಕವೂ ಬೇರೆಯಾಗುತ್ತದೆ. ಅದರಲ್ಲಿ ಮೋಸವೇನೂ ಇಲ್ಲ.

ಆದರೆ ನಮ್ಮಲ್ಲಿನ ಸಮಸ್ಯೆ ಸರಾಸರಿಯದ್ದಲ್ಲ, ಸತ್ಯದ್ದು. ನಮ್ಮಲ್ಲಿ ಕೊಟ್ಟ ಬೆಲೆ ಬೇರೆ, ಬರೆದ ಬೆಲೆ ಬೇರೆ. ಸರಕಾರ ಪ್ರತಿ ಪ್ರದೇಶಕ್ಕೂ ಒಂದು ಮಾರ್ಗಸೂಚಿ ಬೆಲೆಯನ್ನು ನಿಗದಿಪಡಿಸುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಇದು ಬೇಕು. ಅನೇಕರು ಕ್ರಯಪತ್ರದಲ್ಲಿ ಅದರ ಆಸುಪಾಸಿನ ಮೊತ್ತವನ್ನಷ್ಟೇ ಬರೆಸುತ್ತಾರೆ. ಉಳಿದದ್ದು ಚೀಲದಲ್ಲಿ ಕೈ ಬದಲಾಯಿಸುತ್ತದೆ. ಮನೆ, ಜಮೀನಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ಆದರೂ ಚೀಲ ನಿಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಮನೆ 80 ಲಕ್ಷಕ್ಕೆ ಮಾರಾಟವಾಯಿತು, ಕಾಗದದಲ್ಲಿ 40 ಲಕ್ಷ, ಚೀಲದಲ್ಲಿ 40 ಲಕ್ಷ ಎಂದಿಟ್ಟುಕೊಳ್ಳಿ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. ಅನಂತರ ನಗದು ಹೊಂದಿಸುವುದು ಕಷ್ಟವಾಗಿ ಅದೇ ಮನೆ 64 ಲಕ್ಷಕ್ಕೆ ಹೋಯಿತು, ಅದರಲ್ಲಿ 50 ಲಕ್ಷ ಕಾಗದದಲ್ಲಿ ಬಂತು ಎಂದುಕೊಳ್ಳಿ. ಮಾರಿದವನ ಜೇಬಿನ ಲೆಕ್ಕದಲ್ಲಿ ಬೆಲೆ ಶೇಕಡಾ 20 ಇಳಿಯಿತು. ಸರಕಾರದ ದಾಖಲೆಯಲ್ಲಿ ಶೇಕಡಾ 25 ಏರಿತು! ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕವು 2010-11ನ್ನು ಮೂಲ ವರ್ಷವಾಗಿಟ್ಟುಕೊಂಡು ಬೆಂಗಳೂರು ಸೇರಿದಂತೆ 10 ನಗರಗಳ ನೋಂದಣಿ ಕಚೇರಿಗಳ ಮಾಹಿತಿಯಿಂದಲೇ ಸಿದ್ಧವಾಗುತ್ತಿತ್ತು. ನೋಟು ರದ್ದತಿಯ ಬಳಿಕ ಮನೆಗಳು ಅಗ್ಗವಾಗುತ್ತವೆ ಎಂದು ಅನೇಕರು ನಂಬಿದ್ದರು. ಆದರೆ ಆ ಸೂಚ್ಯಂಕದ ಅಖಿಲ ಭಾರತ ಅಂಕಿ ಅಂದು ಏರುತ್ತಲೇ ಇತ್ತು. ನಾವು ಸುಳ್ಳು ಬರೆದುಕೊಟ್ಟರೆ ಸೂಚ್ಯಂಕ ಸತ್ಯವನ್ನು ಎಲ್ಲಿಂದ ತರಬೇಕು?

ಇನ್ನು ತಂಗಿಯ ವಿಷಯಕ್ಕೆ ಬರೋಣ. ಏಕೆಂದರೆ ಈ ಸುಳ್ಳಿನ ಅತಿ ದೊಡ್ಡ ನಷ್ಟವನ್ನು ಹೊರುವವಳು ಅವಳು. ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬಳು ಮಗಳನ್ನು ಬಿಟ್ಟು ಒಬ್ಬರು ತೀರಿಕೊಂಡರೆ, ಸಾಲ ಮತ್ತು ವಸಿಯ್ಯತ್ ತೀರಿಸಿದ ಬಳಿಕ ಉಳಿದುದರಲ್ಲಿ ಪತ್ನಿಗೆ ಎಂಟನೇ ಒಂದು ಪಾಲು. ಮಿಕ್ಕಿದ್ದನ್ನು ಐದು ಭಾಗ ಮಾಡಿ ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು. ಮನೆಯ ನಿಜ ಬೆಲೆ 80 ಲಕ್ಷವಾದರೆ ತಾಯಿಗೆ 10 ಲಕ್ಷ, ಗಂಡುಮಕ್ಕಳಿಗೆ 28 ಲಕ್ಷದಂತೆ, ಮಗಳಿಗೆ 14 ಲಕ್ಷ. ಆದರೆ ಅಣ್ಣಂದಿರು ಮಾರ್ಗಸೂಚಿ ಬೆಲೆಯ ಕಾಗದ ತಂದು 'ನೋಡು, ಸರಕಾರವೇ 40 ಲಕ್ಷ ಎಂದಿದೆ' ಎನ್ನುತ್ತಾರೆ. ತಂಗಿಯ ಕೈಗೆ 7 ಲಕ್ಷ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಉಳಿದ 7 ಲಕ್ಷ ಎಲ್ಲಿ ಹೋಯಿತು? ತಾಯಿಯ ಪಾಲಿನಲ್ಲಿ ಕರಗಿದ 5 ಲಕ್ಷ ಎಲ್ಲಿ ಹೋಯಿತು? ಬಡ್ಡಿ ಮುಟ್ಟುವುದಿಲ್ಲ ಎಂದು ಬ್ಯಾಂಕಿನ ಬಡ್ಡಿ ಹಣವನ್ನು ಬೇರೆ ತೆಗೆದಿಡುವ ಧರ್ಮನಿಷ್ಠರ ಮನೆಗಳಲ್ಲಿಯೂ ಇದು ನಡೆಯುತ್ತದೆ ಎಂಬುದು ನಮ್ಮನ್ನು ನಾಚಿಸಬೇಕು.

ಮಾರ್ಗಸೂಚಿ ಬೆಲೆ ಮಾರುಕಟ್ಟೆ ಬೆಲೆಯಲ್ಲ ಎಂಬುದಕ್ಕೆ ಕರ್ನಾಟಕದಲ್ಲಿಯೇ ಸಾಕ್ಷಿಯಿದೆ. ಕೋವಿಡ್ ಬಳಿಕ ನೋಂದಣಿಗೆ ಉತ್ತೇಜನ ಕೊಡಲು ರಾಜ್ಯ ಸರಕಾರ 2022ರ ಆರಂಭದಲ್ಲಿ ಕೆಲವು ತಿಂಗಳ ಮಟ್ಟಿಗೆ ಮಾರ್ಗಸೂಚಿ ಬೆಲೆಯಲ್ಲಿ ಶೇಕಡಾ 10 ರಿಯಾಯಿತಿ ನೀಡಿತು. ಅಂದು ಯಾವ ಮಾಲಕ ತನ್ನ ಮನೆಯನ್ನು ಶೇಕಡಾ 10 ಕಡಿಮೆಗೆ ಮಾರಿದ? 2023ರ ಅಕ್ಟೋಬರ್ 1ರಿಂದ ಅದೇ ಬೆಲೆಯನ್ನು ಏರಿಸಲಾಯಿತು. ಸೆಪ್ಟೆಂಬರ್ 30ರ ರಾತ್ರಿ ಮಲಗಿದ್ದ ಮನೆ ಬೆಳಗಾಗುವಾಗ ದುಬಾರಿಯಾಯಿತೇ? ಅದು ಶುಲ್ಕ ವಸೂಲಿಯ ಅಳತೆಗೋಲು. ಅದರಿಂದ ರಕ್ತಸಂಬಂಧದ ಪಾಲನ್ನು ಅಳೆಯುವುದು ಅನ್ಯಾಯ.

ತೂಕದಲ್ಲಿ ಕಡಿಮೆ ಮಾಡುವವರನ್ನು ಎಚ್ಚರಿಸಲೆಂದೇ ಪವಿತ್ರ ಕುರ್‌ಆನಿನಲ್ಲಿ 'ಅಲ್ ಮುತಫ್ಫಿಫೀನ್' ಎಂಬ ಹೆಸರಿನ ಅಧ್ಯಾಯವಿದೆ. ತಾವು ಪಡೆಯುವಾಗ ಪೂರ್ತಿ ಅಳೆದು ಪಡೆಯುವ, ಇತರರಿಗೆ ಕೊಡುವಾಗ ಕಡಿತ ಮಾಡುವ ಜನರ ಬಗ್ಗೆ ಅದು ಕಠಿಣವಾಗಿ ಮಾತಾಡುತ್ತದೆ. ಆ ಮಾತು ದಿನಸಿ ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತವೆಂದು ನಾವು ಭಾವಿಸಿದಂತಿದೆ. ಮಾರುವಾಗ 80, ಕೊಡುವಾಗ 40 ಎನ್ನುವುದು ಅದಕ್ಕಿಂತ ಭಿನ್ನವೇ? ಮಾರಲೆಂದೇ ಸೈಟು ಕೊಂಡಿಟ್ಟವರು ರಮಝಾನಿನಲ್ಲಿ ಝಕಾತ್ ಲೆಕ್ಕ ಹಾಕುವಾಗ ಇಂದಿನ ಮಾರುಕಟ್ಟೆ ಬೆಲೆಯನ್ನು ಹಿಡಿಯಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ವಿಪರ್ಯಾಸವೆಂದರೆ, ಆ ಒಂದು ತಿಂಗಳು ಮಾತ್ರ ಎಲ್ಲರ ಸೈಟುಗಳ ಬೆಲೆಯೂ ಬಿದ್ದಿರುತ್ತದೆ!

ಇದು ಮುಸ್ಲಿಮರ ಮನೆಯ ಕತೆ ಮಾತ್ರವಲ್ಲ. ಕರ್ನಾಟಕ 1994ರಲ್ಲಿಯೇ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು. ಕೇಂದ್ರ ಸರಕಾರ 2005ರಲ್ಲಿ ಕಾನೂನು ತಿದ್ದಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅದಕ್ಕೆ ತಂದೆ 2005ರಲ್ಲಿ ಜೀವಂತವಾಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಪಾಲು ಇಲ್ಲ ಎನ್ನುವ ಕಾಲ ಹೋಯಿತು. ಪಾಲು ಇದೆ, ಆದರೆ ಬೆಲೆ ಇಲ್ಲ ಎನ್ನುವ ಕಾಲ ಬಂದಿದೆ. ಧರ್ಮ ಯಾವುದೇ ಇರಲಿ, ಅಣ್ಣನ ನೆಪ ಒಂದೇ.

ನೆಪಗಳಿಗೇನು ಬರ? 'ಮದುವೆಗೆ ಅಷ್ಟು ಖರ್ಚು ಮಾಡಿದ್ದೇವಲ್ಲ' ಎನ್ನುತ್ತಾರೆ. ಮದುವೆಯ ಖರ್ಚು ವಾರಸಿನ ಪಾಲಲ್ಲ. ವರದಕ್ಷಿಣೆ ಕೊಟ್ಟಿದ್ದರೆ ಅದು ಇನ್ನೊಂದು ತಪ್ಪು. ಒಂದು ತಪ್ಪಿನಿಂದ ಇನ್ನೊಂದು ತಪ್ಪು ಚುಕ್ತಾ ಆಗುವುದಿಲ್ಲ. 'ಅವಳೇ ಬೇಡವೆಂದಳು' ಎನ್ನುತ್ತಾರೆ. ನಿಜ ಬೆಲೆ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯೇ? ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಿಂದ ಹಾಕಿದ ಸಹಿ ಔದಾರ್ಯವಲ್ಲ. 'ತಂದೆ ತೀರಿದಾಗ ಇದ್ದ ಬೆಲೆಯಂತೆ ಕೊಡುತ್ತೇವೆ' ಎಂದು ಹತ್ತು ವರ್ಷ ಕಳೆದ ಮೇಲೆ ಹೇಳುವವರೂ ಇದ್ದಾರೆ. ವಾರಸಿನ ಪಾಲೆಂದರೆ ಹಳೆಯ ಬೆಲೆಯ ಸಾಲವಲ್ಲ. ತಂದೆ ಕಣ್ಣು ಮುಚ್ಚಿದ ಗಳಿಗೆಯಿಂದ ಆ ಮನೆಯ ಗೋಡೆಯಲ್ಲಿ, ನೆಲದಲ್ಲಿ, ಬರುವ ಬಾಡಿಗೆಯಲ್ಲಿ ಅವಳೂ ಪಾಲುದಾರಳು. ಆದ್ದರಿಂದ ಕೊಡುವ ದಿನದ ಬೆಲೆಯೇ ಬೆಲೆ.

ಒಂದು ಅಹವಾಲು ಮಾತ್ರ ನ್ಯಾಯವಾದದ್ದು. 'ನಮ್ಮ ಕೈಯಲ್ಲಿ ನಗದಿಲ್ಲ, ಮನೆ ಮಾರಿದರೆ ನಮ್ಮ ಮಕ್ಕಳು ಬೀದಿಗೆ ಬರುತ್ತಾರೆ' ಎಂದು ಹೇಳುವ ಬಡ ಅಣ್ಣಂದಿರಿದ್ದಾರೆ. ಅವರ ಕಷ್ಟ ನಿಜ. ಅವರಿಗೆ ದಾರಿಯೂ ಇದೆ. ನಿಜ ಬೆಲೆ ಕಟ್ಟಿ, ತಂಗಿಯ ಮೊತ್ತವನ್ನು ಬರೆದಿಟ್ಟು, ಅವಳು ಒಪ್ಪುವ ಕಂತುಗಳಲ್ಲಿ ತೀರಿಸಲಿ. ಸಾಲವನ್ನು ಬರೆದಿಡಬೇಕೆಂದು ಕುರ್‌ಆನ್ ವಿವರವಾಗಿಯೇ ಕಲಿಸಿದೆ. ಬಡತನಕ್ಕೆ ಸಮಯ ಕೇಳುವ ಹಕ್ಕಿದೆ, ಸುಳ್ಳು ಹೇಳುವ ಹಕ್ಕಿಲ್ಲ.

ನಮ್ಮ ಜಮಾಅತ್‌ಗಳು ನಿಕಾಹ್ ಪುಸ್ತಕದಲ್ಲಿ ಮಹ್ರ್‌ನ ಮೊತ್ತವನ್ನು ಸಾಕ್ಷಿಗಳ ಮುಂದೆ ಬರೆಸುತ್ತವೆ. ಮರಣದ ದಾಖಲೆಯನ್ನೂ ಇಡುತ್ತವೆ. ಹಾಗಾದರೆ ಮರಣದ ಬಳಿಕ ಪಾಲು ಹಂಚಿಕೆಯಾಯಿತೇ, ಯಾವ ಬೆಲೆಗೆ ಹಂಚಿಕೆಯಾಯಿತು ಎಂದು ಕೇಳಲು ಸಂಕೋಚವೇಕೆ? ಅಣ್ಣಂದಿರ ಕಡೆಯಿಂದ ಒಬ್ಬರು, ತಂಗಿಯ ಕಡೆಯಿಂದ ಒಬ್ಬರು, ಇಬ್ಬರೂ ಒಪ್ಪಿದ ಮೂರನೆಯವರೊಬ್ಬರು ಕೂತು ಮನೆಗೆ ಬೆಲೆ ಕಟ್ಟಲಿ. ಖತೀಬರು ವರ್ಷಕ್ಕೊಂದು ಜುಮಾ ಪ್ರವಚನವನ್ನಾದರೂ ಇದಕ್ಕೆ ಮೀಸಲಿಡಲಿ. ಕ್ರಯಪತ್ರದಲ್ಲಿ ಅರ್ಧ ಬೆಲೆ ಬರೆಸುವುದೂ ಸುಳ್ಳು ಸಾಕ್ಷ್ಯವೇ ಎಂದು ಅದೇ ಮಿಂಬರಿನಿಂದ ಹೇಳಲಿ.

ಕೊನೆಯದಾಗಿ, ಮನೆ ಬೆಲೆ ನಿಜವಾಗಿ ಎಷ್ಟು ಇಳಿದಿದೆ ಎಂದು ತಿಳಿಯಲು ಸೂಚ್ಯಂಕ ಬೇಡದ ಒಂದು ಪರೀಕ್ಷೆಯನ್ನು ನಾವು ಸೂಚಿಸುತ್ತೇವೆ. 'ಈ ಮನೆ 40 ಲಕ್ಷವೂ ಬಾಳುವುದಿಲ್ಲ' ಎಂದು ಅಣ್ಣ ಹೇಳಿದಾಗ ತಂಗಿ ಹೀಗೆ ಕೇಳಲಿ: 'ಸರಿ ಅಣ್ಣಾ, ಹಾಗಾದರೆ ನಿಮ್ಮ ಪಾಲನ್ನು ಅದೇ ಲೆಕ್ಕದಲ್ಲಿ ನಾನೇ ಕೊಳ್ಳುತ್ತೇನೆ, ಬರೆದುಕೊಡುತ್ತೀರಾ?' ಅಣ್ಣ ಹೂಂ ಎಂದರೆ ಬೆಲೆ ನಿಜವಾಗಿಯೂ ಇಳಿದಿದೆ. ಉಹೂಂ ಎಂದರೆ ಇಳಿದಿರುವುದು ಬೆಲೆಯಲ್ಲ.