ಹೆಚ್ಚು ಬಡ್ಡಿ ಕೊಡೋ ಸಂಘ ಅಲ್ಲ, ಲೆಕ್ಕ ಕೊಡೋ ಸಂಘ ಹುಡುಕ್ರಿ: ಮಹಾಸಭೆ ಸೀಸನ್ನಿನಲ್ಲಿ ಪಿಗ್ಮಿ ಕಟ್ಟುವವರಿಗೊಂದು ಲೆಕ್ಕಾಚಾರ

ಗದಗ: ಸೆಪ್ಟೆಂಬರ್ ಬಂತಂದ್ರೆ ಜಿಲ್ಲೆಯ ಪತ್ತಿನ ಸಹಕಾರಿ ಸಂಘಗಳಲ್ಲಿ ವಾರ್ಷಿಕ ಮಹಾಸಭೆಗಳ ಸಾಲು. ಬಾಗಿಲಿಗೆ ನೋಟಿಸು ಅಂಟಿಸ್ತಾರೆ, ಮಂಗಲ ಕಾರ್ಯಾಲಯ ಹಿಡೀತಾರೆ. ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ಹಿರಿಯ ಸದಸ್ಯರಿಗೆ ಶಾಲು, ಆಮೇಲೆ ಊಟ. ಈ ಗದ್ದಲದ ನಡುವೆ ಕೈಗೊಂದು ವರದಿ ಪುಸ್ತಕ ಕೊಡ್ತಾರೆ. ಬಹಳಷ್ಟು ಮಂದಿ ಅದರಲ್ಲಿ ಹುಡುಕೋದು ಒಂದೇ ಸಾಲು: ಈ ವರ್ಷ ಡಿವಿಡೆಂಡ್ ಎಷ್ಟು? ಉಳಿದ ಪುಟ ರದ್ದಿಗೆ.

ಆದರೆ ಕಿರಾಣಿ ಅಂಗಡಿಯವರು, ಕಾಯಿಪಲ್ಯ ಮಾರುವವರು, ಟೇಲರುಗಳು, ಬೆಟಗೇರಿಯ ನೇಕಾರರು ದಿನಾ ಐವತ್ತು ನೂರು ಅಂತ ಕಟ್ಟುವ ಪಿಗ್ಮಿ ಹಣ ಎಷ್ಟು ಭದ್ರ ಅನ್ನೋದು ಗೊತ್ತಾಗೋದು ಆ ಉಳಿದ ಪುಟಗಳಲ್ಲೇ. ಬ್ಯಾಂಕಿಗಿಂತ ಒಂದು ಒಂದೂವರೆ ರೂಪಾಯಿ ಬಡ್ಡಿ ಜಾಸ್ತಿ ಸಿಗುತ್ತೆ ಅಂತ ಸಂಘಕ್ಕೆ ದುಡ್ಡು ಹಾಕುವಾಗ, ಆ ಹೆಚ್ಚುವರಿ ಬಡ್ಡಿಗೆ ಬದಲಾಗಿ ನಾವು ಏನು ಬಿಟ್ಟುಕೊಡ್ತಿದ್ದೇವೆ ಅನ್ನೋದು ಗೊತ್ತಿರಬೇಕಲ್ಲ.

ನಮ್ಮ ಜಿಲ್ಲೆಗೆ ಈ ವಿಷಯ ಹೊಸದಲ್ಲ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷ, ಅಂದರೆ 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸೋದು ಅದರ ಉದ್ದೇಶ. ಊರವರದೇ ದುಡ್ಡು, ಊರವರಿಗೇ ಸಾಲ, ಊರವರದೇ ಕಾವಲು. ಇವತ್ತು ಮೊದಲಿನ ಎರಡು ಉಳಿದಿವೆ. ಮೂರನೆಯದು, ಆ ಕಾವಲು, ಸಡಿಲಾಗಿದೆ.

ನೂರು ದಿನ, ನೂರು ರೂಪಾಯಿ

ಮೊದಲು ಪೇಟೆಯ ಸಾಲದ ವಿಷಯ. ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಸುತ್ತಮುತ್ತ ನಡೆಯುವ ನೂರು ದಿನದ ಸಾಲ ಎಲ್ಲರಿಗೂ ಗೊತ್ತು. ಹತ್ತು ಸಾವಿರ ಅಂತ ಬರೆದುಕೊಂಡು, 1,500 ಮೊದಲೇ ಹಿಡಿದು, ಕೈಗೆ 8,500 ಕೊಡ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. "ಬರೇ ಹದಿನೈದು ನೂರು ಹೋತ್ರೀ, ಏನ್ ಮಹಾ" ಅಂತ ತೆಗೆದುಕೊಂಡವರೇ ಹೇಳ್ತಾರೆ. ಆದರೆ ಮೊದಲ ದಿನದಿಂದಲೇ ಅಸಲು ವಾಪಸ್ ಹೋಗ್ತಾ ಇರುತ್ತೆ. ಸರಾಸರಿ ನೋಡಿದರೆ ನಿಮ್ಮ ಕೈಯಲ್ಲಿ ಇದ್ದದ್ದು ಅರ್ಧ ದುಡ್ಡು, ಅದೂ ಮೂರು ತಿಂಗಳ ಚಿಲ್ಲರೆ. ವರ್ಷದ ಲೆಕ್ಕಕ್ಕೆ ತಂದರೆ ಈ ಬಡ್ಡಿ ನೂರಕ್ಕೆ ನೂರನ್ನೂ ದಾಟುತ್ತೆ. ತಿಂಗಳಿಗೆ ನೂರಕ್ಕೆ ಐದು ಅನ್ನೋ ಕೈಬಡ್ಡಿಯೇ ವರ್ಷಕ್ಕೆ 60. ಇದು ಅದಕ್ಕಿಂತಲೂ ದುಬಾರಿ.

ಈಗ ಇದೇ ನೂರು ರೂಪಾಯಿಯನ್ನು ಪಿಗ್ಮಿಗೆ ಹಾಕಿ ನೋಡಿ. ನೂರು ದಿನಕ್ಕೆ ಹತ್ತು ಸಾವಿರ ನಿಮ್ಮದೇ. ಸಾಲಕ್ಕೆ ಕಟ್ಟುವ ತಾಕತ್ತು ಇದ್ದವರಿಗೆ ಉಳಿತಾಯಕ್ಕೆ ಕಟ್ಟುವ ತಾಕತ್ತೂ ಇದೆ. ಇಲ್ಲದಿರೋದು ಮೊದಲ ನೂರು ದಿನ ದಾಟಿಸುವ ಬಂಡವಾಳ. ಸಾಲ ನಡೆಯುತ್ತಿರುವಾಗಲೇ ದಿನಕ್ಕೆ 30 ರೂಪಾಯಿ ಬೇರೆ ಪಿಗ್ಮಿ ಶುರು ಮಾಡಿದರೆ, ಮೂರು ಸಾಲ ತೀರುವಷ್ಟರಲ್ಲಿ, ಅಂದರೆ 300 ದಿನಕ್ಕೆ, 9,000 ಆಗಿರುತ್ತೆ. ನಾಲ್ಕನೇ ಸಾಲಕ್ಕೆ ಯಾರ ಮುಂದೆಯೂ ಕೈ ಒಡ್ಡುವ ಅಗತ್ಯ ಇಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿದ್ದು, ಆಮೇಲೆ ಅದು ಕಾಯ್ದೆಯೂ ಆಗಿದ್ದು ನಿಜ. ಮನೆ ಬಾಗಿಲಿಗೆ ಬಂದು ಬೆದರಿಸುವವರ ಮೇಲೆ ಅದರಿಂದ ಕೇಸು ಹಾಕಬಹುದು. ಬೆಳಿಗ್ಗೆ ಮಾಲು ಎತ್ತಲು ಬೇಕಾದ ದುಡ್ಡು ಮಾತ್ರ ಕಾಯ್ದೆಯಿಂದ ಬರೋದಿಲ್ಲ.

ಪಿಗ್ಮಿ ಅನ್ನೋದು ನಮ್ಮ ರಾಜ್ಯದ್ದೇ ಪದ್ಧತಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ (ಆಗ ಅದರ ಹೆಸರು ಬೇರೆ ಇತ್ತು) ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವುದರಿಂದ ಶುರುವಾಯಿತು. 2020ರಲ್ಲಿ ಆ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ಸೇರಿತು. ಇವತ್ತು ನಮ್ಮ ಪೇಟೆಯಲ್ಲಿ ಸೈಕಲ್ ಮೋಟಾರಿನ ಮೇಲೆ ಅಂಗಡಿ ಅಂಗಡಿ ಸುತ್ತುವ ಪಿಗ್ಮಿ ಏಜೆಂಟರು ಹೆಚ್ಚಾಗಿ ಸಹಕಾರಿ ಸಂಘಗಳ ಕಡೆಯವರು.

ಅಂಗಡಿಯವರು ಮೋಸ ಹೋಗೋದು ಇಲ್ಲೇ. ಏಜೆಂಟ್ ಪರಿಚಯದವನು, ದಿನಾ ಚಹಾ ಕುಡಿದು ಹೋಗುವವನು. ಕಾರ್ಡಿನ ಮೇಲೆ ಸಹಿ ಮಾಡಿದ್ದೇ ಲೆಕ್ಕ ಅಂತ ಬಿಟ್ಟುಬಿಡ್ತೇವೆ. ಆದರೆ ನಿಮ್ಮ ಕಾರ್ಡಿನಲ್ಲಿ ಬರೆದದ್ದು ಮತ್ತು ಸಂಘದ ಕಂಪ್ಯೂಟರಿನಲ್ಲಿ ಜಮಾ ಆಗಿದ್ದು ಎರಡೂ ಒಂದೇ ಇರಬೇಕು ಅಂತ ಏನಿಲ್ಲ. ತಿಂಗಳಿಗೊಮ್ಮೆ ನೀವೇ ಕೌಂಟರಿಗೆ ಹೋಗಿ ಬಾಕಿ ಕೇಳಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ. ಮಷಿನ್ ರಸೀದಿ ಅಥವಾ ಮೊಬೈಲಿಗೆ ಮೆಸೇಜ್ ಬರುವ ವ್ಯವಸ್ಥೆ ಇದ್ದರೆ ಅದನ್ನೇ ಒತ್ತಾಯಿಸಿ. ಇನ್ನೊಂದು: ಹಲವು ಸಂಘಗಳಲ್ಲಿ ಪಿಗ್ಮಿಯನ್ನು ಆರು ತಿಂಗಳಿಗೆ ಮೊದಲೇ ಬಿಡಿಸಿದರೆ ಬಡ್ಡಿ ಇಲ್ಲ, ಮೇಲಾಗಿ ಏಜೆಂಟ್ ಕಮಿಷನ್ ಅಂತ ಅಸಲಿನಲ್ಲೂ ಕಡಿತ ಆಗುತ್ತೆ. ಗಣೇಶನ ಹಬ್ಬಕ್ಕೆ, ದೀಪಾವಳಿಗೆ ಮಾಲು ತುಂಬಲು ದುಡ್ಡು ಬೇಕಿದ್ದರೆ ಆ ತಿಂಗಳಿಂದ ಹಿಂದಕ್ಕೆ ಎಣಿಸಿ ಪಿಗ್ಮಿ ಶುರು ಮಾಡಿ. ತಿಂಗಳಿಗೆ ಒಂದೇ ಸಲ ಕಟ್ಟುವ ಶಿಸ್ತು ಇದ್ದವರಿಗೆ ಆರ್‌ಡಿಯಲ್ಲೇ ಸಾಮಾನ್ಯವಾಗಿ ಬಡ್ಡಿ ಹೆಚ್ಚು. ಏಜೆಂಟ್ ಕಮಿಷನ್ ಖರ್ಚು ಅಲ್ಲಿ ಇರೋದಿಲ್ಲವಲ್ಲ.

ಬೋರ್ಡ್ ಮೇಲೆ ಏನು ಬರೆದಿದೆ?

ನಮ್ಮ ಪೇಟೆಯಲ್ಲಿ ಎಲ್ಲದಕ್ಕೂ "ಬ್ಯಾಂಕ್" ಅನ್ನೋದೇ ರೂಢಿ. "ಸೊಸೈಟಿ ಬ್ಯಾಂಕಿನ್ಯಾಗ ಇಟ್ಟೇವಿ" ಅಂತಾರೆ. ಕಾನೂನಿನ ಕಣ್ಣಿಗೆ ಇವು ಬೇರೆ ಬೇರೆ.

ಸಹಕಾರಿ ಬ್ಯಾಂಕು ಅಂದರೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವಂಥದ್ದು. ಪಟ್ಟಣ ಸಹಕಾರಿ ಬ್ಯಾಂಕುಗಳು, ನಮ್ಮ ಭಾಗದ ಧಾರವಾಡ ಕೆಸಿಸಿ ಬ್ಯಾಂಕಿನಂಥ ಜಿಲ್ಲಾ ಕೇಂದ್ರ ಬ್ಯಾಂಕುಗಳು ಈ ಸಾಲಿಗೆ ಸೇರುತ್ತವೆ. ಇಲ್ಲಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎಲ್ಲ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಇದು ಬರೇ 1 ಲಕ್ಷ ಇತ್ತು. ನಾಲ್ಕು ಶಾಖೆಯಲ್ಲಿ ಹಂಚಿ ಇಟ್ಟರೂ ಒಂದೇ ಬ್ಯಾಂಕಾದರೆ ಲೆಕ್ಕ ಒಂದೇ. ಗಂಡನ ಹೆಸರಲ್ಲಿ, ಹೆಂಡತಿಯ ಹೆಸರಲ್ಲಿ ಬೇರೆ ಬೇರೆ ಇದ್ದರೆ ಲೆಕ್ಕವೂ ಬೇರೆ.

ಪತ್ತಿನ ಸಹಕಾರಿ ಸಂಘ, ಸೌಹಾರ್ದ ಪತ್ತಿನ ಸಹಕಾರಿ, ಬಹುರಾಜ್ಯ ಪತ್ತಿನ ಸಹಕಾರಿ ಸಂಘ: ಈ ಮೂರಕ್ಕೂ ಆ ವಿಮೆ ಇಲ್ಲ. ಒಂದು ರೂಪಾಯಿಗೂ ಇಲ್ಲ. ಮೊದಲನೆಯದು 1959ರ ರಾಜ್ಯ ಸಹಕಾರ ಸಂಘಗಳ ಕಾಯ್ದೆಯಡಿ, ಎರಡನೆಯದು 1997ರ ಸೌಹಾರ್ದ ಕಾಯ್ದೆಯಡಿ, ಮೂರನೆಯದು ಕೇಂದ್ರದ 2002ರ ಕಾಯ್ದೆಯಡಿ ನೋಂದಣಿ ಆಗಿರ್ತವೆ. ಹೆಸರಿನ ಜತೆ "ಬ್ಯಾಂಕ್" ಪದ ಬಳಸಬಾರದು, ಸದಸ್ಯರಲ್ಲದವರಿಂದ, ನಾಮಮಾತ್ರ ಸದಸ್ಯರಿಂದ ಠೇವಣಿ ಪಡೆಯೋದು ಬ್ಯಾಂಕಿಂಗ್ ವ್ಯವಹಾರ ಮಾಡಿದಂತೆ, ಇಂಥ ಸಂಘಗಳ ಠೇವಣಿಗೆ ವಿಮೆ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ.

ವಿಮೆ ಇದ್ದರೆ ಏನು ವ್ಯತ್ಯಾಸ ಅನ್ನೋದಕ್ಕೆ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಪ್ರಕರಣ ನೋಡಬಹುದು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು, 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿ ಹಣ ಇಟ್ಟವರೆಲ್ಲ ಬೀದಿಗೆ ಬಂದರು. ನಿರ್ಬಂಧಕ್ಕೆ ಒಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನದೊಳಗೆ ವಿಮೆ ಹಣ ಕೊಡಬೇಕು ಅಂತ 2021ರಲ್ಲಿ ಕಾಯ್ದೆ ತಿದ್ದುಪಡಿ ಆದ ಮೇಲೆ 5 ಲಕ್ಷದವರೆಗಿನ ಮೊತ್ತಕ್ಕೆ ದಾರಿ ಸಿಕ್ಕಿತು. ಅದಕ್ಕಿಂತ ಹೆಚ್ಚು ಇಟ್ಟವರ ಪಾಡು ಬೇರೆ. ಇದೇ ಪರಿಸ್ಥಿತಿ ಪತ್ತಿನ ಸಂಘಕ್ಕೆ ಬಂದರೆ ಮೊದಲ 5 ಲಕ್ಷವೂ ಇಲ್ಲ. ಸಂಘದ ಸಾಲ ವಸೂಲಾದಷ್ಟೇ ನಿಮ್ಮ ಹಣ.

ಹಾಗಂತ ಸಂಘಕ್ಕೆ ದುಡ್ಡು ಹಾಕಲೇಬಾರದು ಅಂತ ಅಲ್ಲ. ನಮ್ಮ ಜಿಲ್ಲೆಯ ಎಷ್ಟೋ ಅಂಗಡಿಗಳ ಮೊದಲ ಬಂಡವಾಳ ಬಂದಿದ್ದು ಸಂಘಗಳಿಂದಲೇ. ಬ್ಯಾಂಕು ಐಟಿ ರಿಟರ್ನ್ ಕೇಳುವ ಕಡೆ ಸಂಘ ಮುಖ ನೋಡಿ, ಜಾಮೀನು ನೋಡಿ ಸಾಲ ಕೊಡುತ್ತೆ. ಆದರೆ ಮಗಳ ಮದುವೆಗೆ, ಮುಪ್ಪಿನ ಕಾಲಕ್ಕೆ ಅಂತ ಇಟ್ಟ ಇಡುಗಂಟು ಪೂರ್ತಿ ಒಂದೇ ಸಂಘದಲ್ಲಿ ಇಡೋದು ಬೇಡ. ಓಡಾಡುವ ದುಡ್ಡು, ಪಿಗ್ಮಿ, ಸಾಲ ಸಿಗಬೇಕು ಅಂತ ಇಡುವ ಠೇವಣಿ ಸಂಘದಲ್ಲಿ ಇರಲಿ. ಕಳೆದುಕೊಂಡರೆ ಎದ್ದೇಳಲಾಗದಂಥ ಹಣ ವಿಮೆ ಇರುವ ಬ್ಯಾಂಕಿನಲ್ಲಿ ಅಥವಾ ಪೋಸ್ಟ್ ಆಫೀಸಿನಲ್ಲಿ ಇರಲಿ. ಒಂದು ರೂಪಾಯಿ ಹೆಚ್ಚು ಬಡ್ಡಿ ಅಂದರೆ ಲಕ್ಷಕ್ಕೆ ವರ್ಷಕ್ಕೆ ಒಂದು ಸಾವಿರ. ಆ ಒಂದು ಸಾವಿರಕ್ಕೆ ಲಕ್ಷವನ್ನು ಪಣಕ್ಕಿಡಬೇಕಾ ಅಂತ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಸಾಲದ ಬಡ್ಡಿಯಲ್ಲೂ ಎರಡು ಬಗೆ

"ನೂರಕ್ಕ ಹನ್ನೆರಡರೀ ಸರ" ಅಂದ ಕೂಡಲೇ ಸಹಿ ಹಾಕಬೇಡಿ. ಅಸಲು ಇಳಿದಂತೆ ಬಡ್ಡಿ ಇಳಿಯುತ್ತೋ, ಇಲ್ಲ ಕೊನೆಯವರೆಗೂ ಮೊದಲಿನ ಅಸಲಿನ ಮೇಲೇ ಹಾಕ್ತಾರೋ ಕೇಳಿ. ಒಂದು ಲಕ್ಷ ಸಾಲ, ಎರಡು ವರ್ಷ, ಶೇ 12 ಅಂತ ಇಟ್ಟುಕೊಳ್ಳಿ. ಇಳಿಯುವ ಬಾಕಿ ಮೇಲೆ ಬಡ್ಡಿ ಆದರೆ ತಿಂಗಳ ಕಂತು ಸುಮಾರು 4,707, ಒಟ್ಟು ಬಡ್ಡಿ 13 ಸಾವಿರದ ಹತ್ತಿರ. ಫ್ಲಾಟ್ ಬಡ್ಡಿ ಆದರೆ ಕಂತು 5,167, ಒಟ್ಟು ಬಡ್ಡಿ 24 ಸಾವಿರ. ಹೇಳಿದ ದರ ಒಂದೇ, ಜೇಬಿನಿಂದ ಹೋಗುವ ದುಡ್ಡಿನಲ್ಲಿ 11 ಸಾವಿರ ವ್ಯತ್ಯಾಸ. ಸಾಲದಲ್ಲೇ ಷೇರು ಹಣ ಹಿಡಿದುಕೊಳ್ಳುವ ಪದ್ಧತಿಯೂ ಇದೆ. ಕೈಗೆ 95 ಸಾವಿರ ಬಂದರೂ ಬಡ್ಡಿ ಲಕ್ಷದ ಮೇಲೆ ನಡೆಯುತ್ತೆ. ಷೇರು ನಿಮ್ಮದೇ, ಡಿವಿಡೆಂಡ್ ಬರುತ್ತೆ, ಸರಿ. ಆದರೆ ಸಾಲ ತೀರಿದ ಮೇಲೆ ಅದನ್ನು ವಾಪಸ್ ಪಡೆಯುವ ನಿಯಮ ಏನು ಅಂತ ಅವತ್ತೇ ಕೇಳಿಕೊಳ್ಳಿ.

ಜಾಮೀನು ಸಹಿಯ ಬಗ್ಗೆ ಒಂದೇ ಮಾತು. "ಸುಮ್ನ ಒಂದ್ ಸಹಿ ಹಾಕ್ರಿ ಮಾಮಾ" ಅಂತ ಬಂದವರ ಸಾಲ, ಸಹಿ ಹಾಕಿದ ಗಳಿಗೆಯಿಂದ ನಿಮ್ಮ ಸಾಲವೂ ಹೌದು. ಅವರು ಕಟ್ಟದಿದ್ದರೆ ಸಂಘ ಅವರ ಜತೆ ನಿಮ್ಮ ಮೇಲೂ ದಾವೆ ಹೂಡುತ್ತೆ.

ರೈತ ಸದಸ್ಯರು ಗಮನಿಸಬೇಕಾದದ್ದು: ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ. ಅವಧಿಯೊಳಗೆ ಕಟ್ಟಿದರೆ ಮಾತ್ರ ಈ ಸೌಲಭ್ಯ. ಹೆಸರು ಮಾರಿದ ದುಡ್ಡು ಕೈಗೆ ಬಂದಾಗ ಮೊದಲು ಇದರ ತಾರೀಖು ನೋಡಿ.

ಸಭೆಯಲ್ಲಿ ಏನು ಕೇಳಬೇಕು?

ವರದಿ ಪುಸ್ತಕದಲ್ಲಿ ಆಡಿಟ್ ವರ್ಗ ಎ ಇದೆಯೋ, ಬಿ, ಸಿ ಇದೆಯೋ ನೋಡಿ. ಹೋದ ವರ್ಷಕ್ಕಿಂತ ಇಳಿದಿದ್ದರೆ ಯಾಕೆ ಅಂತ ಕೇಳಿ. ಒಟ್ಟು ಸಾಲದಲ್ಲಿ ಸುಸ್ತಿ ಎಷ್ಟು, ಅದರಲ್ಲಿ ಮೂರು ವರ್ಷಕ್ಕಿಂತ ಹಳೆಯದು ಎಷ್ಟು ಅಂತ ಕೇಳಿ. ಆಡಳಿತ ಮಂಡಳಿಯವರು, ಅವರ ಸಂಬಂಧಿಕರು ಪಡೆದ ಸಾಲದ ಬಾಕಿ ಎಷ್ಟು ಅನ್ನೋ ಪ್ರಶ್ನೆಗೆ ಸಭೆ ಸ್ವಲ್ಪ ಹೊತ್ತು ಮೌನ ಆಗಬಹುದು. ಆದರೂ ಕೇಳಿ. ಆಡಿಟರ್ ಎತ್ತಿದ ಆಕ್ಷೇಪಣೆಗಳಿಗೆ ಏನು ಉತ್ತರ ಕೊಟ್ಟಿದ್ದಾರೆ ಅನ್ನೋದೂ ವರದಿಯಲ್ಲಿ ಇರಬೇಕು. ಲಾಭ ಕಡಿಮೆ ಇದ್ದರೂ ಡಿವಿಡೆಂಡ್ ಹೋದ ವರ್ಷದಷ್ಟೇ ಘೋಷಿಸಿದರೆ ಚಪ್ಪಾಳೆ ತಟ್ಟುವ ಮುಂಚೆ ಯೋಚನೆ ಮಾಡಿ. ಸಂಘ ನಿಮ್ಮದು, ಒಂದು ಷೇರು ಇದ್ದವರಿಗೂ ನೂರು ಷೇರು ಇದ್ದವರಿಗೂ ಮತ ಒಂದೇ. ಸಭೆಗೆ ಸತತವಾಗಿ ಗೈರಾದರೆ ಮತದಾನದ ಹಕ್ಕಿಗೇ ಕುತ್ತು ಬರಬಹುದು. ನಿಮ್ಮ ಸಂಘದ ಬೈಲಾ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಉತ್ತರ ಸಮಾಧಾನ ತರದಿದ್ದರೆ ಎಲ್ಲಿಗೆ ಹೋಗಬೇಕು ಅನ್ನೋದು ನೋಂದಣಿಯ ಮೇಲೆ ನಿಂತಿದೆ. ಸಾಮಾನ್ಯ ಪತ್ತಿನ ಸಂಘ ಆದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರು ಅಥವಾ ಜಿಲ್ಲೆಯ ಉಪ ನಿಬಂಧಕರಿಗೆ ಲಿಖಿತ ದೂರು. ಸೌಹಾರ್ದ ಆದರೆ ಬೆಂಗಳೂರಿನಲ್ಲಿರುವ ರಾಜ್ಯ ಸೌಹಾರ್ದ ಸಂಯುಕ್ತ ಸಹಕಾರಿಗೂ ಪ್ರತಿ ಕಳಿಸಿ. ಬಹುರಾಜ್ಯ ಸಂಘ ಆದರೆ ಜಿಲ್ಲೆಯ ಅಧಿಕಾರಿಗಳ ಕೈಯಲ್ಲಿ ಹೆಚ್ಚೇನೂ ಇಲ್ಲ, ದೂರು ದೆಹಲಿಯ ಕೇಂದ್ರ ನಿಬಂಧಕರಿಗೆ ಹೋಗಬೇಕು. 2023ರ ತಿದ್ದುಪಡಿಯಲ್ಲಿ ಇಂಥ ಸಂಘಗಳಿಗೆ ಸಹಕಾರ ಓಂಬುಡ್ಸ್‌ಮನ್ ವ್ಯವಸ್ಥೆಯೂ ಬಂದಿದೆ. ಅಷ್ಟು ದೂರ ಓಡಾಡೋಕೆ ಆಗಲ್ಲ ಅನ್ನುವವರು ಠೇವಣಿ ಇಡುವ ಮುಂಚೆಯೇ ನೋಂದಣಿ ಸಂಖ್ಯೆ ಯಾವ ಕಾಯ್ದೆಯದು ಅಂತ ಬೋರ್ಡ್ ಮೇಲೆ ಓದಿಕೊಳ್ಳೋದು ಒಳ್ಳೆಯದು.

ಸದಸ್ಯತ್ವದಿಂದ ಸಿಗುವ ಇನ್ನೊಂದು ಸೌಲಭ್ಯ ಯಶಸ್ವಿನಿ ಆರೋಗ್ಯ ಯೋಜನೆ. 2018ರಲ್ಲಿ ನಿಂತುಹೋಗಿದ್ದು 2023ರಿಂದ ಮತ್ತೆ ಶುರುವಾಗಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಮತ್ತೆ ಶುರುವಾದಾಗ ನಿಗದಿ ಮಾಡಿದ ವಂತಿಗೆ ಗ್ರಾಮೀಣ ಸಂಘದ ನಾಲ್ಕು ಜನರ ಕುಟುಂಬಕ್ಕೆ 500, ಪಟ್ಟಣದವರಿಗೆ 1,000 ರೂಪಾಯಿ. ನೋಂದಣಿ ವರ್ಷಪೂರ್ತಿ ಇರೋದಿಲ್ಲ, ದಿನಾಂಕ ಪ್ರಕಟವಾದಾಗ ಮಾತ್ರ. ಮಹಾಸಭೆಗೆ ಹೋದಾಗ ಈ ವರ್ಷದ ದಿನಾಂಕ, ವಂತಿಗೆ ಎರಡನ್ನೂ ಕಾರ್ಯದರ್ಶಿಗಳ ಹತ್ತಿರ ಕೇಳಿ ಬರೆದುಕೊಂಡು ಬನ್ನಿ. ಠೇವಣಿಗೆ ನಾಮಿನಿ ಹೆಸರು ಇದೆಯೋ ಇಲ್ಲವೋ ಅಂತ ಅದೇ ಕೌಂಟರಿನಲ್ಲಿ ನೋಡಿಸಿಕೊಳ್ಳಬಹುದು.