ಹೊರದಾರಿ ಅರಿತು ಒಳಹೊಗಬೇಕು

ಪಟ್ಟಂದೂರು ಅಗ್ರಹಾರ ಎಂಬ ಹೆಸರು ಅನೇಕ ಬೆಂಗಳೂರಿಗರಿಗೆ ಪರಿಚಯವಾದದ್ದು 2023ರ ಮಾರ್ಚ್‌ನಲ್ಲಿ, ವೈಟ್‌ಫೀಲ್ಡ್ ಮಾರ್ಗದ ಮೆಟ್ರೊ ನಿಲ್ದಾಣದ ಫಲಕದಿಂದ. ಆದರೆ 1994ರ ಭಾರತ–ಸಿಂಗಪುರ ಸಹಯೋಗದ ಫಲವಾದ ಅಂತರರಾಷ್ಟ್ರೀಯ ಟೆಕ್ ಪಾರ್ಕ್ ನೆಲೆನಿಂತಿರುವುದು ಇದೇ ಊರಿನ ನೆಲದಲ್ಲಿ. ಇಂತಹ ಪಾರ್ಕುಗಳ ಬಹುಮಹಡಿ ಕಟ್ಟಡಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ: ಈಗಿರುವ ತಂತ್ರಾಂಶ ವೇದಿಕೆಯನ್ನು ಬಿಟ್ಟು ಹೊಸದಕ್ಕೆ ಹೋಗಬೇಕೆ, ಬೇಡವೆ? ಇದು ಎಂಜಿನಿಯರುಗಳಿಗೆ ಬಿಟ್ಟ ವಿಷಯವೆಂದು ಆಡಳಿತ ವರ್ಗ ಸುಮ್ಮನಾಗುವುದುಂಟು. ವಾಸ್ತವವಾಗಿ ಇದು ಮೊದಲು ವ್ಯವಹಾರದ ನಿರ್ಧಾರ, ಆನಂತರವಷ್ಟೇ ತಂತ್ರಜ್ಞಾನದ್ದು. ಈ ನಿರ್ಧಾರದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ, ಆದರೆ ಸಾಮಾನ್ಯವಾಗಿ ಕೊನೆಗೆ ಉಳಿದುಬಿಡುವ ಪ್ರಶ್ನೆಯೆಂದರೆ ‘ನಾಳೆ ಇದರಿಂದ ಹೊರಬರುವುದು ಹೇಗೆ?’ ಎಂಬುದು.

ವೇದಿಕೆಯೆಂದರೆ ಒಂದು ತಂತ್ರಾಂಶವನ್ನು ಕಟ್ಟಲು ಬೇಕಾದ ತಳಹದಿ. ಪ್ರೋಗ್ರಾಮಿಂಗ್ ಭಾಷೆ, ದತ್ತಾಂಶ ಕೋಶ, ಸರ್ವರ್, ಪರೀಕ್ಷಾ ಸಲಕರಣೆಗಳೆಲ್ಲ ಇದರಲ್ಲಿ ಸೇರುತ್ತವೆ. ಬೆಂಗಳೂರಿಗರಿಗೆ ಅರ್ಥವಾಗುವಂತೆ ಹೇಳುವುದಾದರೆ, ಇದು ಪರರ ನಿವೇಶನದಲ್ಲಿ ಮನೆ ಕಟ್ಟಿದಂತೆ. ಗೋಡೆ ನಮ್ಮದು, ನೆಲ ಅವರದು. ನೆಲದ ಒಡೆಯನು ಕರಾರು ಬದಲಿಸಿದ ದಿನ ನಮ್ಮ ಗೋಡೆಯ ಗಟ್ಟಿತನದಿಂದ ಪ್ರಯೋಜನವಾಗದು.

ಇದು ಕೇವಲ ಊಹೆಯ ಭಯವಲ್ಲ. 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6ನ್ನು ನಂಬಿ ಅಸಂಖ್ಯ ಕಚೇರಿಗಳು ತಮ್ಮ ಲೆಕ್ಕಪತ್ರದ ತಂತ್ರಾಂಶ ಬರೆಸಿಕೊಂಡವು. ನಾಲ್ಕೇ ವರ್ಷಗಳಲ್ಲಿ ಮೈಕ್ರೊಸಾಫ್ಟ್ ಹೊರತಂದ ಉತ್ತರಾಧಿಕಾರಿಯಲ್ಲಿ ಹಳೆಯ ಪ್ರೋಗ್ರಾಮುಗಳು ಇದ್ದಂತೆಯೇ ನಡೆಯಲಿಲ್ಲ. ಹಳೆಯದಕ್ಕೆ ಬೆಂಬಲ 2008ರಲ್ಲಿ ನಿಂತಿತು. 2029ರವರೆಗೆ ಪೋಷಣೆ ದೊರೆಯುವುದೆಂದು ನಂಬಲಾಗಿದ್ದ ಸೆಂಟ್ ಓಎಸ್ 8, 2021ರ ಅಂತ್ಯಕ್ಕೇ ಕೊನೆಗೊಳ್ಳುವುದೆಂದು ರೆಡ್ ಹ್ಯಾಟ್ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಜಾವಾದ ಕಥೆಯಂತೂ ಇನ್ನೂ ಬೋಧಪ್ರದ. 2023ರ ಜನವರಿಯಲ್ಲಿ ಒರಾಕಲ್ ತನ್ನ ಜಾವಾ ಚಂದಾವನ್ನು ಸಂಸ್ಥೆಯ ಒಟ್ಟು ನೌಕರರ ಸಂಖ್ಯೆಗೆ ಜೋಡಿಸಿತು. ಸಾವಿರಕ್ಕಿಂತ ಕಡಿಮೆ ನೌಕರರಿರುವಲ್ಲಿ ತಲೆಯೊಂದಕ್ಕೆ ತಿಂಗಳಿಗೆ 15 ಡಾಲರ್ ಎಂಬುದು ಆಗ ಪ್ರಕಟವಾದ ದರ. ಅಂದರೆ 500 ಮಂದಿಯ ಸಂಸ್ಥೆಯಲ್ಲಿ ಹತ್ತೇ ಜನ ಜಾವಾ ಬಳಸಿದರೂ ವರ್ಷಕ್ಕೆ 90,000 ಡಾಲರ್!

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜಾವಾಕ್ಕೆ ‘ಓಪನ್ ಜೆಡಿಕೆ’ ಎಂಬ ಮುಕ್ತ ರೂಪವಿತ್ತು. ಸೆಂಟ್ ಓಎಸ್ ಬಳಕೆದಾರರಿಗಾಗಿ ಆಲ್ಮಾ, ರಾಕಿ ಎಂಬ ಬದಲಿಗಳು 2021ರಲ್ಲೇ ಸಿದ್ಧವಾದವು. ಇವುಗಳ ಮೂಲ ಸಂಕೇತ ಮುಕ್ತವಾಗಿದ್ದರಿಂದ ಬಳಕೆದಾರರಿಗೆ ಹೊರದಾರಿ ಉಳಿದಿತ್ತು. ವಿಷುಯಲ್ ಬೇಸಿಕ್ ನಂಬಿದವರಿಗೆ ಆ ಭಾಗ್ಯವಿರಲಿಲ್ಲ. ವೇದಿಕೆಯ ಗುಣವಿಶೇಷಗಳ ಪಟ್ಟಿಗಿಂತ ಈ ಒಂದು ವ್ಯತ್ಯಾಸವೇ ಹತ್ತು ವರ್ಷಗಳ ವೆಚ್ಚವನ್ನು ನಿರ್ಧರಿಸಬಲ್ಲದು.

ಕನ್ನಡಿಗರಿಗೆ ಈ ಪಾಠ ಹೊಸದೇನಲ್ಲ. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ಆದರೆ ಆರಂಭದ ವರ್ಷಗಳಲ್ಲಿ ಸಾಮಾನ್ಯ ಕಂಪ್ಯೂಟರುಗಳಲ್ಲಿ ಅದರ ಬಳಕೆ ಸುಲಭವಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಶ್ರೀಲಿಪಿ, ನುಡಿ, ಬರಹ ಮೊದಲಾದ ತಂತ್ರಾಂಶಗಳು. ಅವುಗಳ ಉಪಕಾರ ದೊಡ್ಡದು. ಆದರೆ ಅಕ್ಷರರೂಪದ ಸಂಕೇತಗಳಲ್ಲಿ ಉಳಿಸಿದ ಹಳೆಯ ಕಡತವನ್ನು, ಅದಕ್ಕೆ ತಕ್ಕ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಅಂತರ್ಜಾಲದ ಹುಡುಕಾಟಕ್ಕೂ ಅದು ಕನ್ನಡವಾಗಿ ಸಿಗುವುದಿಲ್ಲ. ಪರಿವರ್ತಕಗಳು ಬಂದರೂ ಒತ್ತಕ್ಷರ, ಅಂಕಿಗಳನ್ನು ಮನುಷ್ಯರೇ ಕುಳಿತು ತಿದ್ದಬೇಕಾಯಿತು. ದತ್ತಾಂಶ ಯಾವ ರೂಪದಲ್ಲಿ ಉಳಿಯುತ್ತದೆ ಎಂದು ಅಂದು ಕೇಳದಿದ್ದ ಪ್ರಶ್ನೆಗೆ ಇಂದಿಗೂ ದಂಡ ತೆರುತ್ತಿದ್ದೇವೆ.

ಹಾಗೆಂದ ಮಾತ್ರಕ್ಕೆ ಹಳೆಯದಕ್ಕೇ ಅಂಟಿಕೊಂಡಿರುವುದು ಜಾಣತನವಲ್ಲ. ಬೆಂಬಲ ನಿಂತ ವೇದಿಕೆಯಲ್ಲಿ ಭದ್ರತಾ ಲೋಪಗಳು ಹಾಗೆಯೇ ಉಳಿಯುತ್ತವೆ, ಅದನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಾರೆ. ಬದಲಾಗಲೇಬೇಕಾದಾಗ ಹೇಗೆ ಬದಲಾಗಬೇಕು ಎಂಬುದೇ ಆಡಳಿತದ ಕೌಶಲ. ಇದಕ್ಕೆ ಎರಡು ವಿರುದ್ಧ ನಿದರ್ಶನಗಳಿವೆ.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ ಗ್ರಾಹಕರ ಖಾತೆಗಳನ್ನು ಬಹುತೇಕ ಒಂದೇ ವಾರಾಂತ್ಯದಲ್ಲಿ ಹೊಸ ವೇದಿಕೆಗೆ ಸಾಗಿಸಿತು. ಲಕ್ಷಾಂತರ ಜನ ತಮ್ಮದೇ ಹಣವನ್ನು ಮುಟ್ಟಲಾಗದೆ ಪರದಾಡಿದರು. ವೇದಿಕೆ ಸಿದ್ಧವಿರಲಿಲ್ಲ, ಪರೀಕ್ಷೆಗಳು ಸಾಲದಾಗಿದ್ದವು, ಆಡಳಿತ ಮಂಡಳಿ ಕೇಳಬೇಕಾದ ಪ್ರಶ್ನೆಗಳನ್ನು ಕೇಳಲಿಲ್ಲ ಎಂದು 2019ರ ಸ್ವತಂತ್ರ ತನಿಖಾ ವರದಿ ಹೇಳಿತು. 2022ರಲ್ಲಿ ನಿಯಂತ್ರಕರು ವಿಧಿಸಿದ ದಂಡ 4.86 ಕೋಟಿ ಪೌಂಡ್.

ನಮ್ಮದೇ ರಾಜ್ಯದ ‘ಭೂಮಿ’ ಯೋಜನೆ ಇದಕ್ಕೆ ವ್ಯತಿರಿಕ್ತ. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದ ಆ ಯೋಜನೆ ತಾಲ್ಲೂಕಿನಿಂದ ತಾಲ್ಲೂಕಿಗೆ ಹೆಜ್ಜೆಯಿಟ್ಟಿತು. ನಮೂದಿಸಿದ ವಿವರಗಳನ್ನು ಮುದ್ರಿಸಿ ಗ್ರಾಮಲೆಕ್ಕಿಗರಿಂದಲೇ ತಾಳೆ ನೋಡಿಸಲಾಯಿತು. ಆಯಾ ತಾಲ್ಲೂಕು ಸಿದ್ಧವಾದ ಬಳಿಕವಷ್ಟೇ ಅಲ್ಲಿ ಕೈಬರಹದ ಪಹಣಿಯನ್ನು ಕಾನೂನಿನ ಮೂಲಕ ನಿಲ್ಲಿಸಲಾಯಿತು. ರೈತನು 15 ರೂಪಾಯಿ ತೆತ್ತು ಪಹಣಿ ಪಡೆಯುವಂತಾದದ್ದರ ಹಿಂದೆ ತಂತ್ರಜ್ಞಾನದಷ್ಟೇ ಈ ಕ್ರಮಬದ್ಧತೆಯೂ ಇತ್ತು. ಹಳೆಯ ವ್ಯವಸ್ಥೆಯನ್ನು ಬಲ್ಲವರನ್ನು ಹೊರಗಿಡದೆ ಅವರ ಕೈಯಲ್ಲೇ ಹೊಸದನ್ನು ಪರೀಕ್ಷಿಸಿದ್ದು ಇದರ ಜೀವಾಳ.

ಖಾಸಗಿ ಸಂಸ್ಥೆಗಳು ಎಡವುವುದು ಬಹುತೇಕ ಈ ಕೊನೆಯ ಅಂಶದಲ್ಲೇ. ಹೊಸ ವೇದಿಕೆಯ ಪರವಾನಗಿ ಶುಲ್ಕಕ್ಕೆ ಆಯವ್ಯಯದಲ್ಲಿ ಜಾಗವಿರುತ್ತದೆ. ಸಿಬ್ಬಂದಿಯ ಮರುತರಬೇತಿಗೆ, ಎರಡೂ ವ್ಯವಸ್ಥೆಗಳನ್ನು ಕೆಲಕಾಲ ಒಟ್ಟಿಗೆ ನಡೆಸುವ ವೆಚ್ಚಕ್ಕೆ ಇರುವುದಿಲ್ಲ. ಹದಿನೈದು ವರ್ಷಗಳ ಅನುಭವವುಳ್ಳ ನೌಕರನನ್ನು ‘ಹಳೆಯ ತಂತ್ರಜ್ಞಾನದವನು’ ಎಂದು ಮನೆಗೆ ಕಳುಹಿಸಿದಾಗ ಆತನೊಂದಿಗೆ ಹೊರಟುಹೋಗುವುದು ಹಳೆಯ ಭಾಷೆಯ ಜ್ಞಾನ ಮಾತ್ರವಲ್ಲ. ಗ್ರಾಹಕನ ವ್ಯವಹಾರದ ಒಳಸುಳಿಗಳೂ ಹೋಗುತ್ತವೆ. ಅವು ಯಾವ ಕೈಪಿಡಿಯಲ್ಲೂ ದಾಖಲಾಗಿರುವುದಿಲ್ಲ. ವೈಟ್‌ಫೀಲ್ಡಿನಲ್ಲಿ ಗೃಹಸಾಲದ ಕಂತು ಕಟ್ಟುತ್ತಿರುವ ಕುಟುಂಬಗಳಿಗೆ ಇದು ಬದುಕಿನ ಪ್ರಶ್ನೆ. ಸಂಸ್ಥೆಗೂ ಇದು ಶುದ್ಧ ನಷ್ಟ.

ಇಂದು ಪ್ರೋಗ್ರಾಮನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ವೇದಿಕೆಗಳ ಸರದಿ. ಅವುಗಳ ವೇಗ ಬೆರಗು ಹುಟ್ಟಿಸುವಂಥದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದರ ಇನ್ನೊಬ್ಬರ ಕೈಯಲ್ಲಿದೆ, ಆ ಸಲಕರಣೆ ಬರೆದದ್ದನ್ನು ಅರಿತು ದುರಸ್ತಿ ಮಾಡಬಲ್ಲವರು ನಮ್ಮಲ್ಲಿ ಉಳಿಯುತ್ತಾರೆಯೇ ಎಂಬುದೂ ಸಂದೇಹ. ಆದುದರಿಂದ ಸಹಿ ಹಾಕುವ ಮುನ್ನ ಆಡಳಿತ ಮಂಡಳಿ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಲಿ. ನಮ್ಮ ದತ್ತಾಂಶವನ್ನು ಮುಕ್ತ ರೂಪದಲ್ಲಿ ಮರಳಿ ಪಡೆಯಬಹುದೇ? ದರ ಏರಿದರೆ ಬದಲಿ ಯಾವುದು? ಹಂತಹಂತವಾಗಿ ಸಾಗಲು, ತಪ್ಪಿದರೆ ಹಿಂದಿರುಗಲು ಏರ್ಪಾಡೇನು? ಈಗಿರುವ ಸಿಬ್ಬಂದಿಗೆ ಕಲಿಸುವ ಹೊಣೆ ಯಾರದು?

ಚಕ್ರವ್ಯೂಹವನ್ನು ಭೇದಿಸಿ ಒಳಹೊಕ್ಕ ಅಭಿಮನ್ಯುವಿನ ಶೌರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಉದ್ಯಮ ನಡೆಸುವವರು ಕಲಿಯಬೇಕಾದದ್ದು ಆತನಿಗೆ ತಿಳಿಯದೆ ಉಳಿದ ಇನ್ನರ್ಧ ವಿದ್ಯೆಯನ್ನು.